ಎರಡು ಅಲೆಗಳನ್ನು ಕೂಡುವುದು ಹೇಗೆ: ಗ್ರಾಫ್ ಹಾಳೆಯಿಂದ ಸೋಪಿನ ಪೊರೆಯವರೆಗೆ

ಒಂದು ಕೋಣೆಯಲ್ಲಿ ಇಬ್ಬರು ಒಟ್ಟಿಗೆ ಮಾತಾಡುತ್ತಿದ್ದಾರೆ ಅಂದುಕೊಳ್ಳಿ. ಇಬ್ಬರ ದನಿಯೂ ಅದೇ ಗಾಳಿಯಲ್ಲಿ, ಅದೇ ಹೊತ್ತಿನಲ್ಲಿ, ಒಂದರೊಳಗೊಂದು ತೂರಿಕೊಂಡು ಹೋಗುತ್ತದೆ. ಆದರೂ ನಿಮಗೆ ಎರಡೂ ಬೇರೆಬೇರೆಯಾಗಿ ಕೇಳಿಸುತ್ತವೆ. ಎರಡು ಕಲ್ಲು ಎದುರುಬದುರಾದರೆ ಹೀಗಾಗುವುದಿಲ್ಲ, ಡಿಕ್ಕಿ ಹೊಡೆದು ದಿಕ್ಕು ತಪ್ಪುತ್ತವೆ. ಅಲೆಗಳು ಹಾದುಹೋಗುತ್ತವೆ. ಹಾದುಹೋಗುವಾಗ, ಎರಡೂ ಇರುವ ಜಾಗದಲ್ಲಿ ಏನಾಗುತ್ತದೆ ಅನ್ನುವುದನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಅಲೆಗಳು ಒಂದರ ಮೇಲೊಂದು ಕೂಡಿಕೊಳ್ಳುವುದಕ್ಕೆ ಪಠ್ಯಪುಸ್ತಕದಲ್ಲಿ ಅಧ್ಯಾರೋಪಣ ಅನ್ನುತ್ತಾರೆ. ಹಾಗೆ ಕೂಡಿದ ಮೇಲೆ ಕೆಲವು ಕಡೆ ಜೋರಾಗಿ, ಕೆಲವು ಕಡೆ ಇಲ್ಲವೇ ಇಲ್ಲ ಅನ್ನುವಂತಾಗುವುದಕ್ಕೆ ವ್ಯತಿಕರಣ ಅನ್ನುತ್ತಾರೆ. ಹೆಸರು ಭಾರ ಅನಿಸಬಹುದು. ನಿಯಮ ಮಾತ್ರ ಒಂದೇ ಸಾಲಿನದು: ಮೊದಲು ಎತ್ತರಗಳನ್ನು ಕೂಡಿ, ಬಲವನ್ನು ಆಮೇಲೆ ಲೆಕ್ಕ ಹಾಕಿ. ಈ ಕ್ರಮ ತಲೆಕೆಳಗಾದರೆ ಮುಂದಿನದೆಲ್ಲ ತಪ್ಪುತ್ತದೆ. ನಾನು ಓದುವಾಗ ಸೂತ್ರ ಬಾಯಿಪಾಠ ಮಾಡಿದ್ದೆ, ಆದರೆ ಈ ಕ್ರಮ ಯಾಕೆ ಹೀಗೆ ಅಂತ ಯಾರೂ ಹೇಳಿರಲಿಲ್ಲ. ಗ್ರಾಫ್ ಹಾಳೆ ಹಿಡಿದು ಕೈಯಾರೆ ಕೂಡಿ ನೋಡಿದ ಮೇಲೆಯೇ ಅರ್ಥವಾದದ್ದು. ಹಾಗಾಗಿ ನಿಮ್ಮನ್ನೂ ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ.

ಬೇಕಾಗುವ ಸಾಮಾನು ಸ್ವಲ್ಪವೇ. ಗ್ರಾಫ್ ಹಾಳೆ, ಪೆನ್ಸಿಲ್, ಒಂದು ಉದ್ದ ಹಗ್ಗ, ಎರಡು ಸ್ಪೀಕರ್, ಎರಡು ಫೋನ್, ಒಂದು ಲೇಸರ್ ಪಾಯಿಂಟರ್, ತಲೆಗೂದಲು, ಸೋಪಿನ ನೀರು.

ಮೊದಲ ಹೆಜ್ಜೆ: ಹಗ್ಗದ ಮೇಲೆ ನೋಡಿ

ಹಗ್ಗದ ಒಂದು ತುದಿ ನೀವು ಹಿಡಿಯಿರಿ, ಇನ್ನೊಂದು ತುದಿ ಗೆಳೆಯರ ಕೈಯಲ್ಲಿರಲಿ. ಇಬ್ಬರೂ ಒಟ್ಟಿಗೆ ಒಂದೊಂದು ಸಲ ಮೇಲಕ್ಕೆ ಜಾಡಿಸಿ. ಎರಡು ಉಬ್ಬು ಎರಡೂ ಕಡೆಯಿಂದ ಓಡಿ ಬರುತ್ತವೆ. ನಡುವೆ ಸೇರಿದಾಗ ಒಂದು ಗಳಿಗೆ ದೊಡ್ಡ ಉಬ್ಬು ಏಳುತ್ತದೆ, ಆಮೇಲೆ ಎರಡೂ ತಮ್ಮ ಪಾಡಿಗೆ ತಾವು ಮುಂದೆ ಹೋಗುತ್ತವೆ. ಈಗ ಒಬ್ಬರು ಮೇಲಕ್ಕೆ, ಇನ್ನೊಬ್ಬರು ಕೆಳಕ್ಕೆ ಜಾಡಿಸಿ. ಉಬ್ಬೂ ತಗ್ಗೂ ಸೇರುವ ಗಳಿಗೆಯಲ್ಲಿ ಹಗ್ಗ ನೆಟ್ಟಗಾಗುತ್ತದೆ. ಫೋನ್‌ನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆದರೆ ಚೆನ್ನಾಗಿ ಕಾಣುತ್ತದೆ.

ಹಗ್ಗ ನೆಟ್ಟಗಾದ ಆ ಗಳಿಗೆಯಲ್ಲಿ ಅಲೆಗಳು ಎಲ್ಲಿ ಹೋದವು? ಎಲ್ಲೂ ಹೋಗಿಲ್ಲ. ಹಗ್ಗದ ಆಕಾರ ನೆಟ್ಟಗಿದೆ, ಆದರೆ ಆ ಜಾಗದ ತುಣುಕುಗಳು ಮೇಲಕ್ಕೋ ಕೆಳಕ್ಕೋ ಚಲಿಸುತ್ತಿವೆ. ಶಕ್ತಿಯೆಲ್ಲ ಆ ಚಲನೆಯಲ್ಲಿದೆ. ಅದಕ್ಕೇ ಮರುಗಳಿಗೆಯಲ್ಲಿ ಉಬ್ಬು, ತಗ್ಗು ಎರಡೂ ಮತ್ತೆ ಎದ್ದು ಬರುತ್ತವೆ.

ಎರಡನೇ ಹೆಜ್ಜೆ: ಗ್ರಾಫ್ ಹಾಳೆಯಲ್ಲಿ ಕೂಡಿ

ಇದನ್ನು ಬಿಡಬೇಡಿ. ಹದಿನೈದು ನಿಮಿಷದ ಕೆಲಸ, ಇಡೀ ವಿಷಯದ ಜೀವ ಇಲ್ಲಿದೆ.

ಒಂದು ಪೂರ್ತಿ ಅಲೆಯನ್ನು, ಅಂದರೆ ಒಂದು ಉಬ್ಬು ಮತ್ತು ಒಂದು ತಗ್ಗನ್ನು, 12 ಮನೆಗಳಾಗಿ ಭಾಗ ಮಾಡಿ. ಈ ಪೂರ್ತಿ ಅಲೆಯ ಉದ್ದಕ್ಕೆ ತರಂಗದೂರ ಅನ್ನುತ್ತಾರೆ. ಅಲೆ ನಡುಗೆರೆಯಿಂದ ಅತಿ ಹೆಚ್ಚು ಎಷ್ಟು ಮೇಲೇರುತ್ತದೋ ಅದು ಪಾರ. ನಮ್ಮ ಅಲೆಯ ಪಾರ 2 ಸೆಂಟಿಮೀಟರ್ ಇರಲಿ. ಆಗ ಪ್ರತಿ ಮನೆಯಲ್ಲಿ ಎತ್ತರ ಹೀಗಿರುತ್ತದೆ:

0, 1, 1.7, 2, 1.7, 1, 0, −1, −1.7, −2, −1.7, −1

ಎರಡನೇ ಅಲೆಯೂ ಇದೇ ಥರದ್ದು. ಅದನ್ನು ಎಷ್ಟು ಮನೆ ಸರಿಸಿ ಇಡುತ್ತೀರಿ ಅನ್ನುವುದೇ ಪ್ರಶ್ನೆ. ಹೀಗೆ ಒಂದಕ್ಕಿಂತ ಇನ್ನೊಂದು ಎಷ್ಟು ಹಿಂದೆ ಬಿದ್ದಿದೆ ಅನ್ನುವುದನ್ನೇ ಫೇಸ್ ವ್ಯತ್ಯಾಸ ಅನ್ನುವುದು.

ಸರಿಸದೇ ಇಟ್ಟರೆ ಪ್ರತಿ ಮನೆಯಲ್ಲೂ ಎತ್ತರ ಎರಡರಷ್ಟು. ಪಾರ 4. ಆರು ಮನೆ ಸರಿಸಿದರೆ ಒಂದರ ಉಬ್ಬಿನ ಎದುರು ಇನ್ನೊಂದರ ತಗ್ಗು. ಎಲ್ಲ ಕಡೆ ಸೊನ್ನೆ. ಇವೆರಡನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ.

ಈಗ ನಾಲ್ಕು ಮನೆ ಸರಿಸಿ ನೋಡಿ. ಎರಡನೇ ಅಲೆ ಹೀಗಾಗುತ್ತದೆ:

−1.7, −2, −1.7, −1, 0, 1, 1.7, 2, 1.7, 1, 0, −1

ಮೇಲಿನ ಸಾಲಿಗೆ ಇದನ್ನು ಒಂದೊಂದೇ ಮನೆಯಾಗಿ ಕೂಡಿ. ಚಿಹ್ನೆ ಮರೆಯಬೇಡಿ. ಮೊತ್ತ:

−1.7, −1, 0, 1, 1.7, 2, 1.7, 1, 0, −1, −1.7, −2

ಪಾರ ಎಷ್ಟು ಬಂತು? ಬರೀ 2. ಎರಡು ಅಲೆ ಕೂಡಿದರೂ ಸಿಕ್ಕಿದ್ದು ಒಂದೇ ಅಲೆಯಷ್ಟು ಎತ್ತರ! ಮೊದಲ ಸಲ ಇದು ಬಂದಾಗ ನಾನು ಎಲ್ಲೋ ತಪ್ಪಿದ್ದೇನೆ ಅಂದುಕೊಂಡು ಎರಡು ಸಲ ಕೂಡಿದ್ದೆ. ತಪ್ಪಿಲ್ಲ. ಅಲೆಯ ಮೂರನೇ ಒಂದು ಭಾಗದಷ್ಟು ಸರಿಸಿದರೆ ಹೀಗೇ ಆಗುತ್ತದೆ. ಇನ್ನೂ ಒಂದು ಗಮನಿಸಿ: ಮೊತ್ತದ ಸಾಲು ಮೊದಲನೆಯ ಅಲೆಯಂತೆಯೇ ಇದೆ, ಎರಡು ಮನೆ ಹಿಂದೆ ಬಿದ್ದಿದೆ ಅಷ್ಟೇ. ಅಂದರೆ ಎರಡೂ ಅಲೆಗಳ ಸರಿಯಾಗಿ ನಡುವೆ ಬಂದು ಕೂತಿದೆ. ಒಂದೇ ತರಂಗದೂರದ ಎರಡು ಅಲೆ ಕೂಡಿದರೆ ಬರುವುದು ಅದೇ ತರಂಗದೂರದ ಅಲೆ. ಪಾರ ಮತ್ತು ಜಾಗ ಮಾತ್ರ ಬದಲು.

ಮೂರು ಮನೆ ಸರಿಸಿಯೂ ನೋಡಿ. ಪಾರ 2.8ರ ಹತ್ತಿರ ಬರುತ್ತದೆ. 4ರಿಂದ ಸೊನ್ನೆಯವರೆಗೆ ಎಲ್ಲ ಬೆಲೆಗಳೂ ಸಿಗುತ್ತವೆ. ವ್ಯತಿಕರಣ ಅಂದರೆ ಬರೀ ಪೂರ್ತಿ ಜೋರು, ಪೂರ್ತಿ ಮೌನ ಎರಡೇ ಅಲ್ಲ ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ಮೂರನೇ ಹೆಜ್ಜೆ: ಸರಿಕೆಯನ್ನು ದೂರವಾಗಿ ಅಳೆಯಿರಿ

ಹಾಳೆಯಲ್ಲಿ ನಾವು ಕೈಯಿಂದ ಸರಿಸಿದೆವು. ನಿಜವಾದ ಅಲೆಗಳನ್ನು ಸರಿಸುವುದು ಯಾರು? ದಾರಿ. ಒಂದು ಅಲೆ ನಿಮ್ಮನ್ನು ತಲುಪಲು ಜಾಸ್ತಿ ದೂರ ಬಂದರೆ ಅಷ್ಟು ಹಿಂದೆ ಬೀಳುತ್ತದೆ. ಈ ದೂರದ ವ್ಯತ್ಯಾಸಕ್ಕೆ ಪಥಾಂತರ ಎನ್ನುತ್ತಾರೆ.

ಎರಡು ಸ್ಪೀಕರ್‌ಗಳನ್ನು ಒಂದೇ ಪ್ಲೇಯರ್‌ಗೆ ಜೋಡಿಸಿ, ಬಯಲಿನಲ್ಲಿ 1 ಮೀಟರ್ ಅಂತರದಲ್ಲಿ ಇಡಿ. ಒಂದೇ ಶ್ರುತಿಯ ದನಿ ಹೊರಡಿಸುವ ಆ್ಯಪ್‌ನಲ್ಲಿ 680 ಹರ್ಟ್ಜ್ ಹಾಕಿ. ಅಂದರೆ ಸೆಕೆಂಡಿಗೆ 680 ಅಲೆ, ಇದಕ್ಕೆ ಆವೃತ್ತಿ ಅನ್ನುತ್ತಾರೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ 50 ಸೆಂಟಿಮೀಟರ್.

ಸ್ಪೀಕರ್‌ಗಳ ಸಾಲಿನಿಂದ 4 ಮೀಟರ್ ಮುಂದೆ, ಸರಿಯಾಗಿ ನಡುವೆ ನಿಲ್ಲಿ. ಎರಡೂ ಸ್ಪೀಕರ್ ಸಮದೂರದಲ್ಲಿವೆ, ದನಿ ಜೋರು. ಈಗ ಒಂದು ಕಿವಿ ಮುಚ್ಚಿಕೊಂಡು ನಿಧಾನವಾಗಿ ಪಕ್ಕಕ್ಕೆ ಸರಿಯಿರಿ. ಸುಮಾರು 1 ಮೀಟರ್ ಸರಿದಾಗ ದನಿ ಕುಸಿಯುತ್ತದೆ. ಲೆಕ್ಕ ನೋಡಿ: ಅಲ್ಲಿಂದ ಒಂದು ಸ್ಪೀಕರ್ 4.03 ಮೀಟರ್, ಇನ್ನೊಂದು 4.27 ಮೀಟರ್ ದೂರ. ವ್ಯತ್ಯಾಸ 24 ಸೆಂಟಿಮೀಟರ್. ತರಂಗದೂರದ ಅರ್ಧ 25. ಹೆಚ್ಚುಕಡಿಮೆ ಆರು ಮನೆ ಸರಿಸಿದಂತೆಯೇ ಆಯಿತು ಅಲ್ವಾ?

ನೆನಪಿಡಬೇಕಾದದ್ದು ಇಷ್ಟು. ಪಥಾಂತರ ಸೊನ್ನೆ, ಒಂದು, ಎರಡು, ಹೀಗೆ ಪೂರ್ತಿ ತರಂಗದೂರಗಳಾದರೆ ಜೋರು. ಅರ್ಧ, ಒಂದೂವರೆ, ಎರಡೂವರೆ ಆದರೆ ಮೌನ. ಎರಡೂ ಅಲೆ ಹೊರಡುವಾಗ ಒಂದೇ ತಾಳದಲ್ಲಿ ಹೊರಟಿರಬೇಕು ಅನ್ನುವ ಷರತ್ತು ಇದರಲ್ಲಿದೆ. ಆ ಷರತ್ತನ್ನು ಪರೀಕ್ಷಿಸುವುದೂ ಸುಲಭ. ಒಂದು ಸ್ಪೀಕರ್‌ನ ಎರಡು ವೈರ್‌ಗಳನ್ನು ಅದಲುಬದಲು ಮಾಡಿ. ಅದು ಈಗ ಉಬ್ಬಿನ ಬದಲು ತಗ್ಗು ಕಳಿಸುತ್ತದೆ. ಮೊದಲು ಜೋರಾಗಿದ್ದ ನಡುಜಾಗವೇ ಈಗ ಸಪ್ಪೆ.

ಈ ಪ್ರಯೋಗವನ್ನು ಕೋಣೆಯೊಳಗೆ ಮಾಡಿ ಏನೂ ಕೇಳಿಸಲಿಲ್ಲ ಅನ್ನುವವರು ಬಹಳ. ಕೋಣೆಯಲ್ಲಿ ಗೋಡೆ, ನೆಲ, ಚಾವಣಿ ಎಲ್ಲದರಿಂದಲೂ ದನಿ ವಾಪಸ್ ಬರುತ್ತದೆ. ಎರಡರ ಬದಲು ಹತ್ತಾರು ಅಲೆ ಕೂಡಿ ಚಿತ್ರ ಕಲಸಿಹೋಗುತ್ತದೆ. ಬಯಲೇ ಒಳ್ಳೆಯದು. ಅಲ್ಲೂ ನೆಲದಿಂದ ಸ್ವಲ್ಪ ದನಿ ಮರಳುವುದರಿಂದ ಪೂರ್ತಿ ಮೌನ ಸಿಗುವುದಿಲ್ಲ, ಆದರೆ ಏರಿಳಿತ ಚೆನ್ನಾಗಿ ತಿಳಿಯುತ್ತದೆ.

ನಾಲ್ಕನೇ ಹೆಜ್ಜೆ: ಬಲದ ಲೆಕ್ಕ

ಕಿವಿಗೆ ಬಡಿಯುವ ದನಿಯ ಬಲ, ಕಣ್ಣಿಗೆ ಕಾಣುವ ಬೆಳಕಿನ ಬಲ, ಇವುಗಳಿಗೆ ತೀವ್ರತೆ ಅನ್ನುತ್ತಾರೆ. ತೀವ್ರತೆ ಪಾರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಪಾರ ಎರಡರಷ್ಟಾದರೆ ತೀವ್ರತೆ ನಾಲ್ಕರಷ್ಟು.

ಒಂದು ಅಲೆಯ ಪಾರ 3, ಇನ್ನೊಂದರದು 2 ಅಂತಿರಲಿ. ಒಂಟಿಯಾಗಿ ಅವುಗಳ ತೀವ್ರತೆ 9 ಮತ್ತು 4. ಸುಮ್ನೆ ಕೂಡಿದರೆ 13 ಅಲ್ವಾ? ಆದರೆ ಜೋರಿನ ಜಾಗದಲ್ಲಿ ಪಾರ 3 + 2 = 5, ತೀವ್ರತೆ 25. ಸಪ್ಪೆ ಜಾಗದಲ್ಲಿ ಪಾರ 3 − 2 = 1, ತೀವ್ರತೆ 1. ಇಪ್ಪತ್ತೈದು ಪಟ್ಟು ವ್ಯತ್ಯಾಸ!

ಹಾಗಾದರೆ 25 ಇರುವ ಕಡೆ ಹೆಚ್ಚುವರಿ ಶಕ್ತಿ ಎಲ್ಲಿಂದ ಬಂತು? 1 ಇರುವ ಕಡೆಯಿಂದ. 25 ಮತ್ತು 1ರ ಸರಾಸರಿ ತೆಗೆಯಿರಿ. 13. ಒಟ್ಟು ಶಕ್ತಿ ಒಂದು ಕಾಳಿನಷ್ಟೂ ಹೆಚ್ಚಿಲ್ಲ, ಕಡಿಮೆಯಾಗಿಲ್ಲ. ಇಲ್ಲಿಂದ ತೆಗೆದು ಅಲ್ಲಿಗೆ ಹಾಕಿದಂತೆ ಹಂಚಿಕೆ ಬದಲಾಗಿದೆ. ನನಗೆ ಈ 13 ತುಂಬಾ ಇಷ್ಟ. ವ್ಯತಿಕರಣದಲ್ಲಿ ಶಕ್ತಿ ನಾಶವಾಗುತ್ತದೆ ಅಂತ ಯಾರಾದರೂ ಹೇಳಿದರೆ ಈ ಮೂರು ಅಂಕಿಗಳನ್ನು ತೋರಿಸಿ.

ನಡುವಿನ ಜಾಗಗಳಿಗೆ ಸೂತ್ರ ಬೇಕಾದರೆ: ಮೊತ್ತದ ತೀವ್ರತೆ = ಮೊದಲ ಪಾರದ ವರ್ಗ + ಎರಡನೇ ಪಾರದ ವರ್ಗ + (2 × ಎರಡು ಪಾರಗಳ ಗುಣಲಬ್ಧ × ಫೇಸ್ ವ್ಯತ್ಯಾಸದ ಕೊಸೈನ್). ಒಂದು ಪೂರ್ತಿ ತರಂಗದೂರ ಅಂದರೆ 360 ಡಿಗ್ರಿ. ನಮ್ಮ ನಾಲ್ಕು ಮನೆ 120 ಡಿಗ್ರಿ. ಅದರ ಕೊಸೈನ್ −0.5. ಪಾರ ಎರಡೂ 2 ಇದ್ದಾಗ 4 + 4 − 4 = 4, ವರ್ಗಮೂಲ 2. ಹಾಳೆಯಲ್ಲಿ ಬಂದದ್ದೂ ಅದೇ.

ಇನ್ನೊಂದು ಲೆಕ್ಕ, ಇದು ಮುಂದೆ ಬೇಕಾಗುತ್ತದೆ. ಪಾರ 10 ಇರುವ ಅಲೆಗೆ ಪಾರ 1ರ ಅಲೆ ಸೇರಿಸಿ. ತೀವ್ರತೆಯಲ್ಲಿ ಎರಡನೆಯದು ಮೊದಲನೆಯದರ ನೂರರಲ್ಲಿ ಒಂದು ಪಾಲು ಮಾತ್ರ. ಆದರೂ ಮೊತ್ತ 121ರಿಂದ 81ರವರೆಗೆ ಓಡಾಡುತ್ತದೆ. ಅಷ್ಟು ಕ್ಷೀಣವಾದ ಅಲೆ ಇಷ್ಟು ದೊಡ್ಡ ಬದಲಾವಣೆ ತರುತ್ತದೆ.

ಐದನೇ ಹೆಜ್ಜೆ: ಆವೃತ್ತಿ ಬೇರೆಯಾದರೆ

ಎರಡು ಫೋನ್‌ಗಳಲ್ಲಿ ಅದೇ ಆ್ಯಪ್ ತೆರೆದು, ಒಂದರಲ್ಲಿ 440, ಇನ್ನೊಂದರಲ್ಲಿ 443 ಹರ್ಟ್ಜ್ ಹಾಕಿ. ದನಿ ಏರುತ್ತಾ ಇಳಿಯುತ್ತಾ ಅಲೆಅಲೆಯಾಗಿ ಕೇಳಿಸುತ್ತದೆ. ಸೆಕೆಂಡಿಗೆ ಮೂರು ಸಲ. ಇವೇ ವಿಸ್ಪಂದಗಳು. ಒಂದು ಸೆಕೆಂಡಿನಲ್ಲಿ ಒಂದು ಅಲೆ ಇನ್ನೊಂದಕ್ಕಿಂತ ಮೂರು ಸುತ್ತು ಮುಂದೆ ಹೋಗುತ್ತದೆ, ಹಾಗಾಗಿ ಮೂರು ಸಲ ಉಬ್ಬಿಗೆ ಉಬ್ಬು ಸೇರುತ್ತದೆ, ಮೂರು ಸಲ ಉಬ್ಬಿಗೆ ತಗ್ಗು. ತಂತಿ ವಾದ್ಯ ಶ್ರುತಿ ಮಾಡುವವರು ಕಿವಿಗೊಡುವುದು ಇದಕ್ಕೇ. ಏರಿಳಿತ ನಿಧಾನವಾಗುತ್ತಾ ಬಂದು ನಿಂತರೆ ಶ್ರುತಿ ಕೂಡಿತು.

ಪರೀಕ್ಷೆಯಲ್ಲಿ ಎಡವುವ ಜಾಗವೊಂದು ಇಲ್ಲಿದೆ. ಗಣಿತ ಬರೆದರೆ ಏರಿಳಿತದ ಹೊದಿಕೆ (ಅಲೆಯ ತುದಿಗಳನ್ನು ಮುಟ್ಟುತ್ತಾ ಎಳೆದ ಗೆರೆ) 1.5 ಹರ್ಟ್ಜ್ ಅಂತ ಬರುತ್ತದೆ, 3 ಅಲ್ಲ. ಆದರೆ ಹೊದಿಕೆಯ ಒಂದು ಸುತ್ತಿನಲ್ಲಿ ಮೇಲೊಮ್ಮೆ ಕೆಳಗೊಮ್ಮೆ, ಎರಡು ಸಲ ದನಿ ಜೋರಾಗುತ್ತದೆ. ಕಿವಿಗೆ ಮೇಲೂ ಕೆಳಗೂ ಒಂದೇ. ಹಾಗಾಗಿ ಕೇಳಿಸುವುದು 3.

ಆರನೇ ಹೆಜ್ಜೆ: ಎದುರುಬದುರು ಬಂದರೆ

ಹಗ್ಗದ ಒಂದು ತುದಿಯನ್ನು ಕೊಕ್ಕೆಗೆ ಕಟ್ಟಿ, ಇನ್ನೊಂದು ತುದಿಯನ್ನು ಒಂದೇ ಸಮನೆ ಅಲ್ಲಾಡಿಸಿ. ವೇಗ ಹೊಂದಿಸುತ್ತಾ ಹೋದರೆ ಒಂದು ಹದದಲ್ಲಿ ಅಲೆ ಓಡುವುದು ನಿಂತು, ಇದ್ದಲ್ಲೇ ಉಬ್ಬಿ ತಗ್ಗುತ್ತದೆ. ಹೋಗುವ ಅಲೆಯೂ ಕೊಕ್ಕೆಯಿಂದ ಮರಳಿದ ಅಲೆಯೂ ಕೂಡಿ ಆದದ್ದು ಇದು, ಸ್ಥಾಯಿ ತರಂಗ. ಕೆಲವು ಬಿಂದುಗಳು ಅಲ್ಲಾಡುವುದೇ ಇಲ್ಲ. ಅಂಥ ಎರಡು ಬಿಂದುಗಳ ನಡುವೆ ಸರಿಯಾಗಿ ಅರ್ಧ ತರಂಗದೂರ. ಮೈಕ್ರೋವೇವ್ ಒಲೆಯಲ್ಲೂ ಹೀಗೇ. ಅದರ ಆವೃತ್ತಿ 2.45 ಗಿಗಾಹರ್ಟ್ಜ್, ತರಂಗದೂರ ಸುಮಾರು 12 ಸೆಂಟಿಮೀಟರ್. ಹಾಗಾಗಿ ಒಳಗೆ ಕೆಲವು ಕಡೆ ತುಂಬಾ ಬಿಸಿ, ಕೆಲವು ಕಡೆ ತಣ್ಣಗೆ. ತಟ್ಟೆ ತಿರುಗುವುದು ಅದಕ್ಕೇ.

ಏಳನೇ ಹೆಜ್ಜೆ: ಬೆಳಕಿಗೆ ಬನ್ನಿ

ಎರಡು ಟಾರ್ಚ್‌ಗಳ ಬೆಳಕನ್ನು ಗೋಡೆಯ ಮೇಲೆ ಒಟ್ಟಿಗೆ ಬಿಟ್ಟರೆ ಎಲ್ಲೂ ಕಪ್ಪು ಗೆರೆ ಕಾಣಿಸುವುದಿಲ್ಲ. ಯಾಕೆ? ಟಾರ್ಚಿನ ಬೆಳಕು ತುಂಡುತುಂಡಾಗಿ ಹೊರಡುತ್ತದೆ. ತುಂಡು ಬದಲಾದ ಹಾಗೆಲ್ಲ ಫೇಸ್ ಮನಬಂದಂತೆ ಬದಲಾಗುತ್ತದೆ. ಜೋರಿನ ಜಾಗ, ಸಪ್ಪೆ ಜಾಗ ಎರಡೂ ಒಂದು ಸೆಕೆಂಡಿನಲ್ಲಿ ಕೋಟಿಗಟ್ಟಲೆ ಸಲ ಅತ್ತಿತ್ತ ಹಾರುತ್ತವೆ. ಕಣ್ಣಿಗೆ ಕಾಣುವುದು ಸರಾಸರಿ, ಅಂದರೆ ಆ 13. ಬಲವನ್ನು ನೇರವಾಗಿ ಕೂಡಿದರೂ ಉತ್ತರ ಸರಿ ಬರುವುದು ಇಂಥ ಕಡೆ ಮಾತ್ರ. ಎತ್ತರ ಕೂಡುವ ನಿಯಮ ಇಲ್ಲೂ ತಪ್ಪಿಲ್ಲ, ಸರಾಸರಿಯಲ್ಲಿ ಅಡಗಿಹೋಗಿದೆ.

ಪರಿಹಾರ ಏನೆಂದರೆ, ಒಂದೇ ಬೆಳಕನ್ನು ಎರಡಾಗಿ ಸೀಳಿ ಮತ್ತೆ ಕೂಡಿಸುವುದು. ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ 1803ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವಿವರಿಸಿದ ಪ್ರಯೋಗ ಇಂಥದ್ದೇ. ಕಿಟಕಿಯ ಸಣ್ಣ ತೂತಿನಿಂದ ಬಂದ ಬಿಸಿಲಿಗೆ ಅಡ್ಡಲಾಗಿ, ಒಂದು ಅಂಗುಲದ ಮೂವತ್ತನೇ ಒಂದು ಪಾಲು ಅಗಲದ ಕಾರ್ಡ್ ಪಟ್ಟಿ ಹಿಡಿದರು. ಪಟ್ಟಿಯ ನೆರಳಿನೊಳಗೆ ಗೆರೆಗಳು ಕಂಡವು. ಒಂದು ಪಕ್ಕದ ಬೆಳಕನ್ನು ತಡೆದರೆ ಆ ಗೆರೆಗಳು ಮಾಯ. ಎರಡೂ ಪಕ್ಕದ ಬೆಳಕು ಕೂಡಿದ್ದರಿಂದಲೇ ಗೆರೆ ಹುಟ್ಟಿತ್ತು ಅನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ನೀವು ಲೇಸರ್ ಪಾಯಿಂಟರ್ ಬಳಸಿ. ಲೇಸರನ್ನು ಯಾರ ಕಣ್ಣಿಗೂ ಹಿಡಿಯಬೇಡಿ, ಕನ್ನಡಿಯಂಥ ಹೊಳೆಯುವ ವಸ್ತು ಎದುರಿಗೆ ಬೇಡ. ಪಾಯಿಂಟರ್‌ನ ಬಾಯಿಗೆ ಅಡ್ಡಲಾಗಿ ಒಂದು ತಲೆಗೂದಲನ್ನು ಟೇಪಿನಿಂದ ಅಂಟಿಸಿ. ಕತ್ತಲ ಕೋಣೆಯಲ್ಲಿ 2 ಮೀಟರ್ ದೂರದ ಗೋಡೆಗೆ ಬಿಡಿ. ನಡುವಿನ ಚುಕ್ಕೆಯ ಎರಡೂ ಪಕ್ಕ ಬೆಳಕಿನ ತುಣುಕುಗಳ ಸಾಲು, ನಡುನಡುವೆ ಕಪ್ಪು ಕಾಣುತ್ತದೆ. ಸಾಲು ಹರಡುವುದು ಕೂದಲಿಗೆ ಅಡ್ಡಡ್ಡವಾಗಿ. ಕೂದಲು ಲಂಬವಾಗಿದ್ದರೆ ಸಾಲು ಅಡ್ಡ.

ಒಂದು ಕಪ್ಪಿನಿಂದ ಪಕ್ಕದ ಕಪ್ಪಿಗೆ ಎಷ್ಟು ದೂರ ಅಂತ ಅಳೆಯಿರಿ. ಒಂದೊಂದನ್ನೇ ಅಳೆಯುವ ಬದಲು ಐದು ಅಂತರ ಅಳೆದು ಐದರಿಂದ ಭಾಗಿಸಿದರೆ ಅಳತೆ ಗಟ್ಟಿಯಾಗುತ್ತದೆ. ಆಮೇಲೆ:

ಕೂದಲಿನ ದಪ್ಪ = ತರಂಗದೂರ × ಗೋಡೆಯ ದೂರ ÷ ಕಪ್ಪುಗಳ ಅಂತರ

ಕೆಂಪು ಲೇಸರಿನ ತರಂಗದೂರ 650 ನ್ಯಾನೋಮೀಟರ್, ಅಂತರ 16 ಮಿಲಿಮೀಟರ್ ಅಂತಿರಲಿ. ದಪ್ಪ 81 ಮೈಕ್ರಾನ್, ಅಂದರೆ ಮಿಲಿಮೀಟರಿನ ಹನ್ನೆರಡನೇ ಒಂದು ಪಾಲಿನಷ್ಟು. ಬರೀ ಸ್ಕೇಲ್ ಹಿಡಿದು ಕೂದಲಿನ ದಪ್ಪ ಅಳೆದಿರಿ!

ಇಲ್ಲೊಂದು ಸೂಕ್ಷ್ಮ ಇದೆ. ಸ್ಪೀಕರ್ ಲೆಕ್ಕದಲ್ಲಿ ಪೂರ್ತಿ ತರಂಗದೂರ ಅಂದರೆ ಜೋರು. ಕೂದಲಿನ ಸೂತ್ರದಲ್ಲಿ ಎರಡು ಅಂಚುಗಳ ಪಥಾಂತರ ಪೂರ್ತಿ ತರಂಗದೂರವಾದಾಗ ಕಪ್ಪು. ಇದೇನು ಉಲ್ಟಾ? ಅಷ್ಟೇ ಅಗಲದ ಒಂದು ಕಿಂಡಿಯನ್ನು ನೆನೆಸಿಕೊಳ್ಳಿ. ನಡುವಿನ ಚುಕ್ಕೆಯ ಆಚೀಚೆ, ಕೂದಲೂ ಅಷ್ಟಗಲದ ಕಿಂಡಿಯೂ ಒಂದೇ ಚಿತ್ರ ಕೊಡುತ್ತವೆ. ಕಿಂಡಿಯ ಉದ್ದಗಲಕ್ಕೂ ಎಲ್ಲ ಬಿಂದುಗಳಿಂದ ಬೆಳಕು ಬರುತ್ತದೆ, ಬರೀ ಅಂಚುಗಳಿಂದ ಅಲ್ಲ. ಅಂಚುಗಳ ನಡುವೆ ಪೂರ್ತಿ ತರಂಗದೂರ ವ್ಯತ್ಯಾಸ ಇದ್ದರೆ, ಅಂಚಿಗೂ ನಡುಬಿಂದುವಿಗೂ ಅರ್ಧ. ಮೇಲರ್ಧದ ಪ್ರತಿ ಬಿಂದುವಿಗೂ ಕೆಳಗಿನ ಅರ್ಧದಲ್ಲಿ ಅದನ್ನು ಅಳಿಸುವ ಜೊತೆಗಾರ ಸಿಗುತ್ತಾನೆ. ಹಾಗಾಗಿ ಕಪ್ಪು. ನಿಯಮ ಅದೇ, ಕೂಡಬೇಕಾದ ಅಲೆಗಳು ಜಾಸ್ತಿ.

ಪಾರ 10ಕ್ಕೆ ಪಾರ 1 ಸೇರಿಸಿದ್ದು ನೆನಪಿದೆಯಾ? ಬೆಳಕಿನ ವ್ಯತಿಕರಣ ಅತಿ ಸಣ್ಣ ಬದಲಾವಣೆಯನ್ನೂ ಹಿಡಿಯುತ್ತದೆ. ಅಮೆರಿಕದ ಲೈಗೋ ವೀಕ್ಷಣಾಲಯದಲ್ಲಿ 4 ಕಿಲೋಮೀಟರ್ ಉದ್ದದ ಎರಡು ತೋಳುಗಳಲ್ಲಿ ಲೇಸರ್ ಹೋಗಿ ಮರಳಿ ಕೂಡುತ್ತದೆ. 2015ರ ಸೆಪ್ಟೆಂಬರ್ 14ರಂದು ಗುರುತ್ವ ಅಲೆಯೊಂದು, ಅಂದರೆ ಜಾಗವನ್ನೇ ಹಿಗ್ಗಿಸಿ ಕುಗ್ಗಿಸುತ್ತಾ ಸಾಗುವ ಅಲೆ, ಹಾದುಹೋದಾಗ ಆ ತೋಳುಗಳ ಉದ್ದ ಬದಲಾದದ್ದು ಒಂದು ಪ್ರೋಟಾನಿನ ಅಗಲಕ್ಕಿಂತ ನೂರಾರು ಪಟ್ಟು ಕಡಿಮೆ. ಅದೂ ಗೊತ್ತಾಯಿತು.

ಎಂಟನೇ ಹೆಜ್ಜೆ: ಮಗುಚಿಕೊಳ್ಳುವ ಅಲೆ

ಪಥಾಂತರ ಒಂದೇ ನೋಡಿದರೆ ಕೆಲವೊಮ್ಮೆ ಉತ್ತರ ತಪ್ಪುತ್ತದೆ. ಮರಳುವಾಗ ಅಲೆ ಮಗುಚಿಕೊಳ್ಳುವುದುಂಟು. ಕೊಕ್ಕೆಗೆ ಕಟ್ಟಿದ ಹಗ್ಗದಲ್ಲಿ ಒಂದು ಉಬ್ಬು ಕಳಿಸಿ, ವಾಪಸ್ ಬರುವುದು ತಗ್ಗು, ಅರ್ಧ ತರಂಗದೂರ ಸರಿದಂತೆಯೇ. ಬೆಳಕೂ ಹಾಗೆಯೇ. ಗಾಳಿಯಿಂದ ಬಂದು ನೀರಿಗೆ ತಾಗಿ ಮರಳಿದರೆ ಮಗುಚುತ್ತದೆ. ನೀರಿನೊಳಗಿಂದ ಗಾಳಿಗೆ ತಾಗಿ ಮರಳಿದರೆ ಮಗುಚುವುದಿಲ್ಲ.

ತಂತಿಯ ಬಳೆಯೊಂದನ್ನು ಸೋಪಿನ ನೀರಿಗೆ ಅದ್ದಿ, ನೆಟ್ಟಗೆ ಹಿಡಿದು ನಿಲ್ಲಿಸಿ. ಹಿಂದೆ ಕಪ್ಪು ಬಟ್ಟೆ, ಮುಂದಿನಿಂದ ಬಿಳಿ ಬೆಳಕು ಇರಲಿ. ಪೊರೆಯ ಮುಂದಿನ ಮೈಯಿಂದ ಮರಳಿದ ಬೆಳಕು ಮಗುಚಿರುತ್ತದೆ, ಹಿಂದಿನ ಮೈಯಿಂದ ಮರಳಿದ್ದು ಮಗುಚಿರುವುದಿಲ್ಲ. ಪೊರೆ ಸುಮಾರು 100 ನ್ಯಾನೋಮೀಟರ್ ದಪ್ಪ ಇರುವ ಕಡೆ, ಎರಡನೇ ಬೆಳಕು ಒಳಗೆ ಹೋಗಿ ಬರುವಷ್ಟರಲ್ಲಿ ಹಸಿರು ಬಣ್ಣಕ್ಕೆ ಅರ್ಧ ತರಂಗದೂರ ಹಿಂದೆ ಬೀಳುತ್ತದೆ. ಮಗುಚಿದ ಅರ್ಧ, ದಾರಿಯ ಅರ್ಧ ಸೇರಿ ತಾಳ ಕೂಡುತ್ತದೆ, ಹಸಿರು ಜೋರಾಗಿ ಮರಳುತ್ತದೆ. ದಪ್ಪ ಬೇರೆ ಇರುವ ಕಡೆ ಬೇರೆ ಬಣ್ಣ. ನೀರು ಕೆಳಗಿಳಿದಂತೆ ಬಣ್ಣದ ಪಟ್ಟಿಗಳೂ ನಿಧಾನವಾಗಿ ಜಾರುತ್ತವೆ.

ಕಣ್ಣು ಪೊರೆಯ ಮೇಲಂಚಿನ ಮೇಲಿರಲಿ. ಅಲ್ಲಿ ಪೊರೆ ತೆಳುವಾಗುತ್ತಾ ಹೋಗಿ, ಬೆಳಕಿನ ತರಂಗದೂರದ ಮುಂದೆ ಅದರ ದಪ್ಪ ಲೆಕ್ಕಕ್ಕೇ ಇಲ್ಲದಂತಾಗುತ್ತದೆ. ಪಥಾಂತರ ಹೆಚ್ಚುಕಡಿಮೆ ಸೊನ್ನೆ. ಉಳಿಯುವುದು ಮಗುಚಿದ ಅಲೆ ಮತ್ತು ಮಗುಚದ ಅಲೆ. ಎಲ್ಲ ಬಣ್ಣಗಳಿಗೂ ಆರು ಮನೆ ಸರಿಸಿದಂತೆ. ಮೇಲಂಚಿನಲ್ಲಿ ಪೊರೆ ಹರಿದುಹೋಗಿದೆಯೇನೋ ಅನ್ನುವಂಥ ಕಪ್ಪು ಪಟ್ಟಿ ಮೂಡುತ್ತದೆ. ಹರಿದಿಲ್ಲ, ಪೊರೆ ಅಲ್ಲೇ ಇದೆ. ಆ ಪಟ್ಟಿ ಕಾಣಿಸಿದ ಮೇಲೆ ಪೊರೆ ಒಡೆಯಲು ಹೆಚ್ಚು ಹೊತ್ತು ಬೇಡ. ಫೋಟೊ ಬೇಕಿದ್ದರೆ ಬಳೆ ಅದ್ದುವ ಮೊದಲೇ ಕ್ಯಾಮೆರಾ ಹೊಂದಿಸಿಟ್ಟುಕೊಳ್ಳಿ.